ಮಳೆ ರಜೆ, ಕುಶಾಲತೋಪು ಮತ್ತು ನನ್ನ ಮಗಳು

(ಮಡಿಕೇರಿಯಲ್ಲಿ ಪೋಷಕರು, ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಥ ಸಭೆಗಳಲ್ಲಿ ವೇದಿಕೆ ಮೇಲೆ ಡಾಕ್ಟರು ಇರುತ್ತಾರೆ, ಕೆಳಗೆ ತಾಯಂದಿರು ಕೂತಿರುತ್ತಾರೆ, ಅಪ್ಪಂದಿರು ಹೊರಗೆ ಜೀಪಿಗೆ ಒರಗಿಕೊಂಡು ಕಾಫಿ ರೇಟು ಮಾತಾಡುತ್ತಿರುತ್ತಾರೆ. ಇವತ್ತೂ ಕೆಲವರು ಹೊರಗಿದ್ದಾರೆ, ಬರುವಾಗ ನೋಡಿದೆ. ದಯವಿಟ್ಟು ಯಾರಾದರೂ ಹೋಗಿ ಅವರನ್ನು ಒಳಗೆ ಕರೆಯಿರಿ. ರೇಟು ಸಂಜೆಗೂ ಅಷ್ಟೇ ಇರುತ್ತದೆ.

ನಾನು ಡಾಕ್ಟರಲ್ಲ, ನಾಪೋಕ್ಲು ಕಡೆಯ ಸಣ್ಣ ಬೆಳೆಗಾರ. ನಮ್ಮ ಮನೆಯವರು ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೆ. ನಾನು ತೋಟದಲ್ಲೇ ಇರುವವನಾದ್ದರಿಂದ ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ಶಾಲೆ ಇಲ್ಲದ ದಿನ ಅವಳ ಜೊತೆ ಇರುವುದು, ಎಲ್ಲ ನನ್ನ ಪಾಲಿಗೆ ಬಂದಿದೆ. ಅವಳಿಗೆ ಈಗ 14 ವರ್ಷ. ಆಟಿಸಂ ಇದೆ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ರೀತಿ. ಮಾತು ಕಡಿಮೆ, ಬೇಕಾದ್ದನ್ನು ಹೆಚ್ಚಾಗಿ ಚಿತ್ರ ತೋರಿಸಿ ಕೇಳುತ್ತಾಳೆ. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಇಲ್ಲೂ ಹಾಗೇ ಅನ್ನುತ್ತೇನೆ.

ರೋಗಲಕ್ಷಣಗಳ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ, ಅದನ್ನು ಹೇಳಲು ಬಲ್ಲವರಿದ್ದಾರೆ. ನಾನು ಹೇಳಬೇಕೆಂದಿರುವುದು ಒಂದೇ. ಮಗುವನ್ನು ಸರಿಮಾಡುತ್ತೇವೆ ಎಂದು ಹೊರಟವರು ಸುಸ್ತಾಗುತ್ತಾರೆ, ಮಗುವನ್ನೂ ಸುಸ್ತು ಮಾಡುತ್ತಾರೆ. ಮಗುವಿನ ದಿನವನ್ನು ಸರಿಯಾಗಿ ಜೋಡಿಸಿ ಕೊಡುವುದು ಬೇರೆ ಕೆಲಸ. ಅದು ಕೈಗೆ ಸಿಗುವ ಕೆಲಸ. ಅದರಲ್ಲಿ ಮನೆಯವರು, ನೆಂಟರು, ಟೀಚರು, ಬಸ್ಸಿನ ಕಂಡಕ್ಟರು, ಕೊನೆಗೆ ಜಿಲ್ಲಾಧಿಕಾರಿಗಳೂ ಪಾಲುದಾರರು.

ಜಿಲ್ಲಾಧಿಕಾರಿಗಳು ಯಾಕೆ ಎಂದು ನಗುತ್ತಿದ್ದೀರಿ. ಹೇಳುತ್ತೇನೆ.

ನಮ್ಮ ಅಡುಗೆಮನೆ ಗೋಡೆಯಲ್ಲಿ ಒಂದು ಪ್ಲೈವುಡ್ ಹಲಗೆ ಇದೆ. ಅದರ ಮೇಲೆ ಮೇಲಿಂದ ಕೆಳಗೆ ಒಂದು ವೆಲ್ಕ್ರೋ ಪಟ್ಟಿ. ಆ ಪಟ್ಟಿಗೆ ಅಂಟುವ ಚಿತ್ರದ ಕಾರ್ಡುಗಳು: ಬ್ರಷ್, ಸ್ನಾನದ ಬಕೆಟ್, ರೊಟ್ಟಿ, ಯೂನಿಫಾರ್ಮ್, ಕೊಡೆ, ಜೀಪು, ಶಾಲೆ. ಚಿತ್ರಗಳೆಲ್ಲ ನಮ್ಮ ಮನೆಯದೇ ಬಕೆಟ್ಟಿನ, ನಮ್ಮದೇ ಜೀಪಿನ ಫೋಟೋಗಳು. ಬೇರೆ ಜೀಪಿನ ಚಿತ್ರ ಹಾಕಿದರೆ ಅವಳು ಆ ಜೀಪು ಬರಲಿ ಎಂದು ಕಾಯುತ್ತಾಳೆ. ಒಂದೊಂದು ಕೆಲಸ ಮುಗಿದಾಗ ಅವಳೇ ಕಾರ್ಡು ಕಿತ್ತು ಕೆಳಗಿನ ಡಬ್ಬಿಗೆ ಹಾಕುತ್ತಾಳೆ. ಆ ‘ಟರ್’ ಎನ್ನುವ ಸದ್ದು ಕೇಳಿದರೆ ನಾನು ಹಿತ್ತಲಲ್ಲಿದ್ದರೂ ಸ್ನಾನ ಆಯಿತೋ ರೊಟ್ಟಿ ಆಯಿತೋ ಗೊತ್ತಾಗುತ್ತದೆ.

ಇಷ್ಟು ಚೆನ್ನಾಗಿ ನಡೆಯುವ ಬೆಳಗನ್ನು ಜೂನ್ ತಿಂಗಳ ಮಳೆ ಬಂದು ಕೆಡಿಸುತ್ತದೆ. ಕೊಡಗಿನವರಿಗೆ ಗೊತ್ತು, ರೆಡ್ ಅಲರ್ಟ್ ಬಂತೆಂದರೆ ಶಾಲೆಗೆ ರಜೆ. ಆದೇಶ ಕೆಲವು ಸಲ ರಾತ್ರಿಯೇ ಬರುತ್ತದೆ, ಕೆಲವು ಸಲ ಮಕ್ಕಳು ಯೂನಿಫಾರ್ಮ್ ಹಾಕಿದ ಮೇಲೆ ಬರುತ್ತದೆ. ನಡುವೆ ಯಾರೋ ಪುಣ್ಯಾತ್ಮರು ಹೋದ ವರ್ಷದ ಆದೇಶವನ್ನೇ ವಾಟ್ಸಾಪಿಗೆ ಬಿಟ್ಟಿರುತ್ತಾರೆ. ಬೇರೆ ಮಕ್ಕಳು ರಜೆ ಅಂದರೆ ಕುಣಿಯುತ್ತಾರೆ. ಪುಟ್ಟಿಗೆ ಅದು ನೆಲ ಜಾರಿದ ಹಾಗೆ. ಹಲಗೆಯಲ್ಲಿ ಶಾಲೆಯ ಚಿತ್ರ ಇದೆ, ಅಪ್ಪ ಮಾತ್ರ ಜೀಪು ತೆಗೆಯುತ್ತಿಲ್ಲ. ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲ ಮೇಲೆ ಕೂತು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಮಧ್ಯಾಹ್ನದವರೆಗೂ ಅದೇ. ಹಟ ಅಂತ ನೆಂಟರು ಹೇಳಿದರು. ಹಟವಲ್ಲ. ಮುಂದಿನ ಕ್ಷಣ ಏನು ನಡೆಯುತ್ತದೆ ಎಂದು ಅಂದಾಜು ಮಾಡುವುದು ನಮಗೆ ತಾನಾಗಿ ಬರುತ್ತದೆ, ಆಟಿಸಂ ಇರುವ ಅನೇಕ ಮಕ್ಕಳಿಗೆ ಬರುವುದಿಲ್ಲ. ಆ ಅಂದಾಜಿನ ಬದಲಿಗೆ ಅವರು ಹಿಡಿದುಕೊಳ್ಳುವುದೇ ದಿನಚರಿ. ಅದನ್ನು ಕೈಯಿಂದ ಕಿತ್ತುಕೊಂಡರೆ ಯಾರಿಗಾದರೂ ಭಯವಾಗುತ್ತದೆ.

ನಾವು ಮಾಡಿದ್ದು ಇಷ್ಟು. ಜೂನ್ ಒಂದರಿಂದ ಶಾಲೆಯ ಕಾರ್ಡನ್ನು ಹಲಗೆಯಲ್ಲಿ ನೇರವಾಗಿ ಅಂಟಿಸುವುದಿಲ್ಲ. ಒಂದು ಕಂದು ಲಕೋಟೆ ಅಂಟಿಸುತ್ತೇವೆ. ಅದರೊಳಗೆ ಶಾಲೆಯ ಕಾರ್ಡು ಇದೆಯೋ ಮಳೆ ರಜೆಯ ಕಾರ್ಡು ಇದೆಯೋ ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ತೆರೆದು ನೋಡುವುದು. ಗೊತ್ತಿಲ್ಲ ಎನ್ನುವುದಕ್ಕೂ ದಿನಚರಿಯಲ್ಲಿ ಒಂದು ಜಾಗ ಸಿಕ್ಕಿತು. ಇದನ್ನು ಹೇಳಿಕೊಟ್ಟದ್ದು ಮೈಸೂರಿನ ಒಬ್ಬ ತೆರಪಿಸ್ಟ್, ನಮ್ಮ ಬುದ್ಧಿಯಲ್ಲ. ಇನ್ನೊಂದು, ರಜೆಗೂ ಅದರದೇ ಆದ ಕಾರ್ಡುಗಳ ಸಾಲು ಮಾಡಿದೆವು. ರಜೆಯ ದಿನವೂ ಯೂನಿಫಾರ್ಮ್ ಹಾಕಬಹುದು. ಬ್ಯಾಗು ಹಿಡಿದು ಮೆಣಸಿನ ಚೀಲ ಇಡುವ ಕೋಣೆಗೆ ಹೋಗುವುದು, ಅಲ್ಲಿ ಒಂದು ಮೇಜು ಹಾಕಿದ್ದೇವೆ. ಟಿಫಿನ್ ಬಾಕ್ಸ್ ಕಟ್ಟಿಯೇ ಕೊಡಬೇಕು. ಅಡುಗೆಮನೆಯಿಂದ ಎದುರಿನ ಕೋಣೆಗೆ ಪ್ರಯಾಣ ಮಾಡುವ ಟಿಫಿನ್ ಬಾಕ್ಸ್ ಕೊಡಗಿನಲ್ಲಿ ಇದೊಂದೇ ಇರಬೇಕು.

ಹಾಗಾಗಿ ಅಧಿಕಾರಿಗಳಲ್ಲಿ ನನ್ನ ವಿನಂತಿ: ರಜೆ ಕೊಡುವುದಾದರೆ ಹಿಂದಿನ ರಾತ್ರಿಯೇ ಕೊಡಿ. ಗುಡ್ಡದ ಮೇಲೆ ಮಳೆ ಹೇಳಿಕೇಳಿ ಬರುವುದಿಲ್ಲ, ಅದು ನನಗೂ ಗೊತ್ತು. ಆದರೂ ಕೇಳಿಟ್ಟಿರುತ್ತೇನೆ.

ಮಳೆಯ ವಿಷಯ ಬಂದಾಗ ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಜನ ರಾತ್ರೋರಾತ್ರಿ ಮನೆ ಬಿಟ್ಟರಲ್ಲ, ಆಗ ಪರಿಹಾರ ಕೇಂದ್ರದ ದೊಡ್ಡ ಹಾಲಿನಲ್ಲಿ ಇಂಥ ಮಗುವನ್ನು ಇಟ್ಟುಕೊಂಡವರ ಪಾಡು ಏನಾಗಿರಬಹುದು ಯೋಚಿಸಿ. ನೂರಾರು ಜನ, ರಾತ್ರಿಯಿಡೀ ಟ್ಯೂಬ್‌ಲೈಟು, ಗೊತ್ತಿಲ್ಲದ ಊಟ, ಸಾಲು ನಿಂತು ಹೋಗಬೇಕಾದ ಶೌಚಾಲಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡಿರಬೇಕು, ಅಪಾಯದ ಮುನ್ಸೂಚನೆ ಅವರಿಗೆ ತಲುಪಿಸಬೇಕು. ನಮ್ಮಂಥ ಜಿಲ್ಲೆಗೆ ಅದು ಕಾಗದದ ಮೇಲಿನ ಮಾತಾಗಿ ಉಳಿಯಬಾರದು. ನಿಮ್ಮ ಪಂಚಾಯಿತಿಯಲ್ಲಿ ನಿಮ್ಮ ಮಗುವಿನ ಹೆಸರು ಆ ಪಟ್ಟಿಯಲ್ಲಿದೆಯಾ ಎಂದು ಮಳೆಗಾಲಕ್ಕೆ ಮೊದಲೇ ಕೇಳಿ. ಪರಿಹಾರ ಕೇಂದ್ರದಲ್ಲಿ ಒಂದು ಸಣ್ಣ ಕೋಣೆ, ದೀಪ ಆರಿಸಬಹುದಾದ ಒಂದು ಕೋಣೆ, ಬೇರೆ ಇಡುವುದು ದೊಡ್ಡ ಖರ್ಚಲ್ಲ.

ಈಗ ದೂರದ ಮಾತು. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ನಮ್ಮ ತೋಟದಿಂದ ಮಡಿಕೇರಿಗೇ ಒಂದು ಗಂಟೆ. ಮಾತು ತಡವಾದ ಮಗುವನ್ನು ಕರೆದುಕೊಂಡು ಕೊಡಗಿನವರು ಮೊದಲು ಹೋಗುವುದು ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ. 1965ರಲ್ಲಿ ಶುರುವಾದ ಸಂಸ್ಥೆ, ಎಲ್ಲರೂ ಆಯಿಷ್ ಎನ್ನುತ್ತಾರೆ. ಮೊದಲು ಕಿವಿ ಪರೀಕ್ಷೆ ಮಾಡುತ್ತಾರೆ. ಅದು ಬಹಳ ಮುಖ್ಯ. ಕಿವಿ ಕೇಳದ ಮಗುವನ್ನೂ ಆಟಿಸಂ ಇರುವ ಮಗುವನ್ನೂ ಕರೆದರೆ ಎರಡೂ ತಿರುಗುವುದಿಲ್ಲ, ಮನೆಯವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಆದರೆ ವಾರ ವಾರ ಮೈಸೂರಿಗೆ ಹೋಗಿಬರುವುದು ಎಷ್ಟು ಮನೆಗಳಿಗೆ ಆಗುತ್ತದೆ? ಕಾಫಿ ಕೊಯ್ಲಿನ ಕಾಲದಲ್ಲಿ ಒಂದು ದಿನ ತೋಟ ಬಿಟ್ಟರೆ ಹಣ್ಣು ನೆಲಕ್ಕೆ ಬೀಳುತ್ತದೆ. ಹುಣಸೂರು ದಾಟುವುದರೊಳಗೆ ಮಗು ವಾಂತಿ ಮಾಡಿ ಸುಸ್ತಾಗಿರುತ್ತದೆ. ಅಲ್ಲಿ ಮುಕ್ಕಾಲು ಗಂಟೆ ಕೂರಿಸಿ ಆಟ ಆಡಿಸಿದ್ದಕ್ಕಿಂತ ಮನೆಯಲ್ಲಿ ದಿನವಿಡೀ ಏನು ನಡೆಯುತ್ತದೆ ಎನ್ನುವುದೇ ಹೆಚ್ಚು. ಒಳ್ಳೆಯ ತೆರಪಿಸ್ಟುಗಳು ಇದನ್ನು ಅವರೇ ಹೇಳುತ್ತಾರೆ, ಅಪ್ಪ ಅಮ್ಮನಿಗೇ ತರಬೇತಿ ಕೊಡುತ್ತಾರೆ. ಹೋದಾಗ ನೀವು ಕೇಳಬೇಕಾದ್ದು ‘ಮಗು ಯಾವಾಗ ಮಾತಾಡುತ್ತೆ’ ಎಂದಲ್ಲ. ‘ಮುಂದಿನ ಸಲ ಬರುವವರೆಗೆ ಮನೆಯಲ್ಲಿ ಏನು ಮಾಡಲಿ, ಒಮ್ಮೆ ಮಾಡಿ ತೋರಿಸಿ’ ಎಂದು ಕೇಳಿ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲು ಒಪ್ಪಿಗೆ ಕೇಳಿ. ಜಿಲ್ಲೆಯೊಳಗೂ ಜಾಗಗಳಿವೆ. ಸುಂಟಿಕೊಪ್ಪದ ‘ಸ್ವಸ್ಥ’ ವಿಶೇಷ ಶಾಲೆ ಇಲ್ಲಿ ತುಂಬ ಜನಕ್ಕೆ ಗೊತ್ತಿರುವುದೇ.

ನಮ್ಮ ಮನೆಯಲ್ಲಿ ಬೆರಳಿನ ಅಭ್ಯಾಸಕ್ಕೆ ಪ್ಲಾಸ್ಟಿಕ್ ಮಣಿ ತಂದೆವು. ಅವಳು ಮುಟ್ಟಲಿಲ್ಲ. ಕರಿಮೆಣಸಿನ ತೆನೆಯಿಂದ ಕಾಳು ಬಿಡಿಸುವುದನ್ನು ತಾನೇ ನೋಡಿ ಕಲಿತಳು. ಆಮೇಲೆ ಕಡಂಬುಟ್ಟು, ಅಕ್ಕಿ ತರಿಯ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಹಿಟ್ಟು ಕೈಗೆ ಅಂಟಿದರೆ ಅವಳಿಗೆ ಆಗುವುದಿಲ್ಲ, ಕಿರಿಚಿ ಕೈ ಒದರುತ್ತಿದ್ದಳು. ನನ್ನ ತಾಯಿ, ಅಂದರೆ ಅವಳ ಅಜ್ಜಿ, ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟು, ಅಂಟಿದ ಕೂಡಲೇ ಕೈ ಅದ್ದಬಹುದು ಎಂದು ಮಾಡಿ ತೋರಿಸಿದರು. ಬಾಯಲ್ಲಿ ಹೇಳಲೂ ಇಲ್ಲ, ಸುಮ್ಮನೆ ಎದುರಿಗೆ ಕೂತು ತಾವು ಅದ್ದಿದರು, ಉಂಡೆ ಕಟ್ಟಿದರು, ಮತ್ತೆ ಅದ್ದಿದರು. ಕೆಲವು ದಿನ ಪುಟ್ಟಿ ನೀರನ್ನು ಮಾತ್ರ ಮುಟ್ಟಿದಳು. ಆಮೇಲೆ ಒಂದು ಸಂಜೆ ಚಿಟಿಕೆ ಹಿಟ್ಟು. ಈಗ ಮನೆಯ ಕಡಂಬುಟ್ಟೆಲ್ಲ ಅವಳದೇ. ಒಂದರ ಅಳತೆ ಇನ್ನೊಂದಕ್ಕೆ ತಪ್ಪುವುದಿಲ್ಲ. ನಾನು ಕಟ್ಟಿದ ಉಂಡೆಯನ್ನು ಎತ್ತಿ ನೋಡುತ್ತಾಳೆ, ಒಡೆದು ಹಿಟ್ಟಿಗೆ ಸೇರಿಸುತ್ತಾಳೆ. ಮಾತಿಲ್ಲದ ಹುಡುಗಿ ಇಷ್ಟು ಚೆನ್ನಾಗಿ ಮಂಗಳಾರತಿ ಎತ್ತುವುದನ್ನು ನೀವು ನೋಡಬೇಕು.

ಊಟದ್ದು ಇನ್ನೊಂದು ಕತೆ. ಬಿಳಿ ಬಣ್ಣದ್ದು ಮಾತ್ರ ತಿನ್ನುತ್ತಾಳೆ: ಅಕ್ಕಿ ರೊಟ್ಟಿ, ಪಾಪುಟ್ಟು, ನೂಪುಟ್ಟು, ಮೊಸರನ್ನ. ಆದರೆ ಆಟಿ ತಿಂಗಳ 18ನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸ, ಕಡು ನೇರಳೆ ಬಣ್ಣದ್ದು, ದೊಡ್ಡವರೇ ಮೂಗು ಮುರಿಯುವಂಥ ವಾಸನೆಯದ್ದು, ಅದನ್ನು ಎರಡು ಬಟ್ಟಲು ತಿನ್ನುತ್ತಾಳೆ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಭಾಷೆಯ ಬಗ್ಗೆ ಒಂದು ಮಾತು, ಇದು ಕೊಡಗಿನಲ್ಲಿ ತುಂಬ ಮನೆಗಳನ್ನು ಕಾಡುವ ವಿಷಯ. ನಮ್ಮ ಮನೆ ಮಾತು ಅರೆಭಾಷೆ. ನೆರೆಮನೆಯಲ್ಲಿ ಕೊಡವ ತಕ್ಕ್, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಟಿವಿಯಲ್ಲಿ ಇಂಗ್ಲಿಷು. ಮಾತು ತಡವಾದ ಕೂಡಲೇ ಎಲ್ಲರೂ ಹೇಳುವುದು: ‘ಇಷ್ಟು ಭಾಷೆ ಹಾಕಿ ಮಗುವನ್ನು ಗೊಂದಲ ಮಾಡಿದ್ದೀರಿ, ಒಂದೇ ಭಾಷೆ ಮಾತಾಡಿ, ಅದೂ ಶಾಲೆಯ ಭಾಷೆ.’ ಇದು ತಪ್ಪು. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ, ಆಟಿಸಂ ಇರುವ ಮಕ್ಕಳಲ್ಲೂ ಅದರಿಂದ ಹಾನಿ ಕಂಡುಬಂದಿಲ್ಲ. ಅಜ್ಜಿಗೆ ಸರಾಗವಾಗಿ ಬರುವ ಭಾಷೆಯಲ್ಲಿ ಅಜ್ಜಿ ಮಾತಾಡಲಿ. ಬಾರದ ಇಂಗ್ಲಿಷಿನಲ್ಲಿ ‘ಕಮ್’, ‘ಈಟ್’, ‘ಸಿಟ್’ ಎಂದು ಮೂರು ಪದ ಹೇಳುವ ಅಜ್ಜಿಗಿಂತ, ತನ್ನ ಮಾತಿನಲ್ಲಿ ಗೊಣಗುತ್ತಾ ರೊಟ್ಟಿ ತಟ್ಟುವ ಅಜ್ಜಿ ಮಗುವಿಗೆ ಹೆಚ್ಚು ಕಲಿಸುತ್ತಾಳೆ. ಹೇಗೂ ಚಿತ್ರದ ಕಾರ್ಡಿಗೆ ಭಾಷೆಯ ಹಂಗಿಲ್ಲ. ಕಾರ್ಡು ಕೊಟ್ಟರೆ ಮಗು ಮಾತು ಕಲಿಯುವುದೇ ಇಲ್ಲ ಎನ್ನುವ ಹೆದರಿಕೆಯೂ ಬೇಡ. ಪುಟ್ಟಿಯ ಕೆಲವೇ ಮಾತುಗಳು ಬಂದದ್ದು ಕಾರ್ಡು ಹಿಡಿದ ಮೇಲೆ.

ಸದ್ದಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮದು ಕೋವಿ ಹೆಚ್ಚಿರುವ ಜಿಲ್ಲೆ.

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸದ್ದು ನಮಗಿಂತ ಬೇರೆ ರೀತಿ ಕೇಳುತ್ತದೆ. ರೇಡಿಯೊದ ವಾಲ್ಯೂಮ್ ತಿರುಪು ಬೇರೆ ಯಾರದೋ ಕೈಯಲ್ಲಿದ್ದ ಹಾಗೆ. ಯಾವಾಗ ಏರುತ್ತದೋ ಗೊತ್ತಿಲ್ಲ, ತಗ್ಗಿಸಲು ತಮ್ಮಿಂದಾಗುವುದಿಲ್ಲ. ಮಿಕ್ಸಿ, ಕುಕ್ಕರಿನ ಸೀಟಿ, ಕಳೆ ಹೊಡೆಯುವ ಮೆಷಿನ್ನು ಯಾವುದೂ ಅವಳಿಗೆ ಆಗುತ್ತಿರಲಿಲ್ಲ. ಇನ್ನು ಹುತ್ತರಿ, ನಮ್ಮ ಸುಗ್ಗಿ ಹಬ್ಬ. ರಾತ್ರಿ ಗದ್ದೆಗೆ ಹೋಗಿ ಕದಿರು ತೆಗೆಯುವ ಮುಹೂರ್ತಕ್ಕೆ ಸರಿಯಾಗಿ ಕುಶಾಲತೋಪು, ಅಂದರೆ ಗಾಳಿಗೆ ಹಾರಿಸುವ ಗುಂಡು, ಸಿಡಿಯಬೇಕು, ‘ಪೊಲಿ ಪೊಲಿ ದೇವಾ’ ಎಂದು ಕೂಗಬೇಕು. ಅದಿಲ್ಲದೆ ಹುತ್ತರಿ ಹೇಗೆ? ಪುಟ್ಟಿ ಐದಾರು ವರ್ಷದವಳಿದ್ದಾಗ ಮೊದಲ ಗುಂಡಿನ ಸದ್ದಿಗೇ ಗದ್ದೆ ಬದುವಿನ ಮೇಲೆ ಓಡಿದಳು, ಕತ್ತಲಲ್ಲಿ. ಆಮೇಲೆ ಕೆಲವು ವರ್ಷ ಹುತ್ತರಿ ರಾತ್ರಿ ನಮ್ಮಿಬ್ಬರಲ್ಲಿ ಒಬ್ಬರು ಅವಳನ್ನು ಕಿಟಕಿ ಬಾಗಿಲು ಮುಚ್ಚಿದ ಜೀಪಿನಲ್ಲಿ ಕೂರಿಸಿಕೊಂಡು ದೂರದ ರಸ್ತೆಯಲ್ಲಿ ನಿಲ್ಲುತ್ತಿದ್ದೆವು. ಹಬ್ಬದ ದಿನ ಮನೆ ಮಗಳು ರಸ್ತೆಯಲ್ಲಿ. ನನ್ನ ತಾಯಿಗೆ ಅದು ಸಹಿಸಲಾಗಲಿಲ್ಲ.

ದಾರಿ ಸಿಕ್ಕಿದ್ದು ತೋಟದಲ್ಲೇ. ಕಳೆ ಮೆಷಿನ್ ಹಿಡಿಯುವವರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ತಲೆಯ ಮೇಲಿಂದ ಬರುವ ದಪ್ಪ ಕಿವಿಮುಚ್ಚು, ಅದನ್ನು ಅವಳೇ ಒಂದು ದಿನ ಕೊಟ್ಟಿಗೆಯ ಮೊಳೆಯಿಂದ ತೆಗೆದು ಹಾಕಿಕೊಂಡಳು. ತೆಗೆಯಲು ಒಪ್ಪಲಿಲ್ಲ. ನಮ್ಮ ಮೆಷಿನ್ ಓಡಿಸುವವನು ‘ಇರಲಿ ಅಣ್ಣ, ನನಗೆ ಬೇರೆ ತನ್ನಿ’ ಅಂದ. ಆ ಹುತ್ತರಿಗೆ ನನ್ನ ದೊಡ್ಡಪ್ಪ, ಮನೆಯ ಹಿರಿಯರು, ತುಂಬ ಶಿಸ್ತಿನವರು, ತಾವಾಗಿಯೇ ಒಂದು ಏರ್ಪಾಡು ಮಾಡಿದರು. ಗುಂಡು ಹಾರಿಸುವವರು ಗದ್ದೆಯ ಆಚೆ ಬದಿಗೆ ನಿಲ್ಲಬೇಕು. ಹಾರಿಸುವ ಮೊದಲು ಟಾರ್ಚು ಮೂರು ಸಲ ಮಿನುಗಿಸಬೇಕು. ಪುಟ್ಟಿ ಕಿವಿಮುಚ್ಚು ಹಾಕಿ ಟಾರ್ಚು ನೋಡುತ್ತಾ ನಿಂತಳು. ಒಂದು, ಎರಡು, ಮೂರು. ಗುಂಡು. ಬೆಚ್ಚಿದಳು, ಓಡಲಿಲ್ಲ. ಬರುತ್ತದೆ ಎಂದು ಗೊತ್ತಿದ್ದ ಸದ್ದು ಅರ್ಧ ಸದ್ದು. ಈಗ ಟಾರ್ಚು ಹಿಡಿಯುವ ಅಧಿಕಾರ ಅವಳಿಗೇ ಕೊಟ್ಟಿದ್ದಾರೆ. ಅವಳು ಮಿನುಗಿಸದೆ ಗುಂಡಿಲ್ಲ. ಒಂದು ವರ್ಷ ಮುಹೂರ್ತ ಮೀರುತ್ತಾ ಬಂದರೂ ಅವಳು ಟಾರ್ಚನ್ನು ತನ್ನ ಕೈಯ ಮೇಲೆ ಬಿಟ್ಟುಕೊಂಡು ಬೆರಳಿನ ಕೆಂಪು ನೋಡುತ್ತಾ ನಿಂತುಬಿಟ್ಟಳು. ಎಲ್ಲ ಹಿರಿಯರೂ ಕೋವಿ ಹಿಡಿದು ಕಾದರು. ಆ ದೃಶ್ಯ ನೆನೆದರೆ ನನಗೆ ಈಗಲೂ ನಗು.

ಇದೇ ಹುಡುಗಿ ವಾಲಗಕ್ಕೆ ಕಿವಿ ಮುಚ್ಚುವುದಿಲ್ಲ! ಮದುವೆ ಮನೆಯಲ್ಲಿ ಡೋಲಿನ ಪಕ್ಕಕ್ಕೇ ಹೋಗಿ ನಿಲ್ಲುತ್ತಾಳೆ, ಗಂಟೆಗಟ್ಟಲೆ ಕುಣಿಯುತ್ತಾಳೆ. ವಾಲಗದಲ್ಲಿ ಮುಂದಿನ ಪೆಟ್ಟು ಯಾವಾಗ ಎಂದು ಗೊತ್ತಿರುತ್ತದೆ, ಅದಕ್ಕೇ ಇರಬೇಕು ಎಂದು ನಾನು ಅಂದುಕೊಂಡಿದ್ದೇನೆ. ಕೊಡಗಿನ ಮದುವೆಯಲ್ಲಿ ವಾಲಗಕ್ಕೆ ಯಾರು ಹೇಗೆ ಕುಣಿದರೂ ಯಾರೂ ತಿರುಗಿ ನೋಡುವುದಿಲ್ಲ ಅನ್ನುವುದು ಇಂಥ ಮಕ್ಕಳ ಅಪ್ಪ ಅಮ್ಮನಿಗೆ ದೊಡ್ಡ ಸಮಾಧಾನ. ಅಲ್ಲಿ ಅವಳು ಉಳಿದವರ ಹಾಗೇ. ಸ್ವಲ್ಪ ಹೆಚ್ಚೇ ಚೆನ್ನಾಗಿ ಕುಣಿಯುತ್ತಾಳೆ ಎಂದು ಅಪ್ಪನಾಗಿ ನನ್ನ ಅಭಿಪ್ರಾಯ.

ಹೆದರಿಕೆಯ ವಿಷಯಗಳೂ ಇವೆ. ಇಂಥ ಮಕ್ಕಳು ಹೇಳದೆ ಹೊರಟುಬಿಡುತ್ತಾರೆ. ಪೇಟೆಯಲ್ಲಿ ಗಾಡಿಯ ಭಯ, ನಮ್ಮಲ್ಲಿ ಆನೆಯ ಭಯ. ಅದಕ್ಕಿಂತ ಹೆಚ್ಚಿನದು ತೋಟದ ಕೆರೆಯ ಭಯ. ನೀರಿನ ಸೆಳೆತ ಈ ಮಕ್ಕಳಲ್ಲಿ ಅನೇಕರಿಗೆ ಇರುತ್ತದೆ. ಸ್ಪ್ರಿಂಕ್ಲರಿಗೆ ಎಂದು ತೋಡಿದ ಕೆರೆಗೆ ಬೇಲಿ ಹಾಕಿಸಿ, ನಾಳೆ ಅನ್ನಬೇಡಿ. ಗೇಟಿನ ಚಿಲಕ ಮಗುವಿನ ಕೈಗೆ ಎಟುಕದಷ್ಟು ಮೇಲಿರಲಿ. ನಾವು ಅವಳ ಎಲ್ಲ ಅಂಗಿಗಳ ಒಳಗೆ ಫೋನ್ ನಂಬರು ಹೊಲಿಸಿದ್ದೇವೆ. ನೆರೆಯ ತೋಟಗಳ ರೈಟರುಗಳಿಗೆ (ತೋಟದ ಕೆಲಸ, ಲೆಕ್ಕ ನೋಡುವವರು), ಕೆಲಸದವರಿಗೆ ಅವಳನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ್ದೇವೆ: ‘ಇವಳು ಒಬ್ಬಳೇ ಕಂಡರೆ ಪ್ರಶ್ನೆ ಕೇಳಬೇಡಿ, ಕೂಗಬೇಡಿ, ಜೊತೆಗೆ ನಡೆಯುತ್ತಾ ಫೋನ್ ಮಾಡಿ.’ ಆನೆ ಇಳಿದಿದೆ ಎಂಬ ಸುದ್ದಿ ಬರುವ ವಾಟ್ಸಾಪ್ ಗುಂಪಿನಲ್ಲೇ ಪುಟ್ಟಿಯ ಸುದ್ದಿಯೂ ಒಮ್ಮೊಮ್ಮೆ ಬರುತ್ತದೆ.

ಮುಟ್ಟಿನ ವಿಷಯ. ಇಲ್ಲಿ ಕೆಲವರು ತಲೆ ತಗ್ಗಿಸಿದಿರಿ. ಅಪ್ಪಂದಿರೇ, ಹೆಣ್ಣುಮಗು ಇದ್ದರೆ ನಿಮಗೂ ಇದು ಗೊತ್ತಿರಬೇಕು. ಬಂದ ಮೇಲೆ ಹೇಳಿಕೊಡುತ್ತೇವೆ ಎಂದರೆ ಆಗುವುದಿಲ್ಲ, ಈ ಮಕ್ಕಳಿಗೆ ಅಚಾನಕ್ಕಾದದ್ದೆಲ್ಲ ಆಘಾತ. ನಮ್ಮ ಮನೆಯವರು ತುಂಬ ಮೊದಲೇ ಶುರುಮಾಡಿದರು: ಸುಮ್ಮನೆ ಪ್ಯಾಡ್ ಹಾಕಿ ಅರ್ಧ ಗಂಟೆ ಇರುವುದು, ಆಮೇಲೆ ಒಂದು ಗಂಟೆ, ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಯಾವ ಡಬ್ಬಿಗೆ ಹಾಕುವುದು ಎಂದು ಬಚ್ಚಲ ಗೋಡೆಯಲ್ಲಿ ಚಿತ್ರದ ಸಾಲು, ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕಿ. ಜೊತೆಗೆ ಯಾರು ಮೈಮುಟ್ಟಬಹುದು, ಯಾರು ಮುಟ್ಟಬಾರದು, ಬೇಡ ಎಂದು ಹೇಗೆ ಹೇಳುವುದು. ಅದಕ್ಕೂ ಒಂದು ಕಾರ್ಡಿದೆ, ಕೈ ಅಡ್ಡ ಹಿಡಿದ ಚಿತ್ರ. ಆ ಕಾರ್ಡನ್ನು ಅವಳು ಹೆಚ್ಚಾಗಿ ಬಳಸುವುದು ಕೆನ್ನೆ ಹಿಂಡಲು ಬರುವ ಚಿಕ್ಕಮ್ಮಂದಿರ ಮೇಲೆ.

ಕಾಗದಪತ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ಅಂಗವೈಕಲ್ಯ, ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಬಗೆ. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕಿದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ಬೇಕೆಂದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ‘ನಮ್ಮಲ್ಲಿ ಇಂಥ ಮಕ್ಕಳನ್ನು ತಗೊಳ್ಳಲ್ಲ’ ಎಂದು ಒಂದು ಶಾಲೆಯವರು ನಮಗೆ ಹೇಳಿದ್ದರು. ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಎಂದೆವು, ಧ್ವನಿ ಬದಲಾಯಿತು. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ‘ನಿರಾಮಯ’ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ತೆರಪಿಯ ಖರ್ಚೂ ಸೇರಿ. ಪ್ರತಿ ವರ್ಷ ನವೀಕರಿಸಬೇಕು, ಮರೆಯುವುದು ಅಲ್ಲೇ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಬಿಐಇಆರ್‌ಟಿ ಶಿಕ್ಷಕರು (ಇಂಥ ಮಕ್ಕಳಿಗೆಂದೇ ತಾಲ್ಲೂಕಿನಲ್ಲಿರುವ ಸಂಪನ್ಮೂಲ ಶಿಕ್ಷಕರು) ಬರಬೇಕು, ಬಿಇಒ ಕಚೇರಿಯಲ್ಲಿ ಕೇಳಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ, ಅರ್ಜಿ ತುಂಬಲು ಅವರ ಸಹಾಯ ತೆಗೆದುಕೊಳ್ಳಿ.

ಅಂಗನವಾಡಿ ಟೀಚರುಗಳಿಗೆ ಒಂದು ಮಾತು. ಒಂದೂವರೆ ವರ್ಷವಾದರೂ ಬೆರಳು ತೋರಿಸಿ ಕೇಳದ ಮಗು, ಹೆಸರು ಕರೆದರೆ ತಿರುಗದ ಮಗು, ಬಂದಿದ್ದ ಮಾತು ನಿಂತುಹೋದ ಮಗು, ಇವರನ್ನು ಮೊದಲು ಕಾಣುವವರು ನೀವು. ‘ಅವರಪ್ಪನೂ ತಡವಾಗಿ ಮಾತಾಡಿದ್ದು’ ಎಂದು ಮನೆಯವರು ಹೇಳುತ್ತಾರೆ. ಹೇಳಲಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬಂದಾಗ ಆ ಮಗುವನ್ನು ಸಾಲಿನ ಮುಂದೆ ನಿಲ್ಲಿಸಿ. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ಯಾರಾದರೂ ಹೇಳಿದರೆ ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳಿ. ಹರಕೆ ಹೊತ್ತುಕೊಳ್ಳಿ, ತಲಕಾವೇರಿಗೆ ಹೋಗಿಬನ್ನಿ, ನಾವೂ ಹೋಗುತ್ತೇವೆ. ಆದರೆ ಫಿಟ್ಸ್‌ಗೆ ಕೊಟ್ಟ ಮಾತ್ರೆಯನ್ನು ಯಾರ ಮಾತು ಕೇಳಿಯೂ ತಟ್ಟನೆ ನಿಲ್ಲಿಸಬೇಡಿ. ಆಟಿಸಂ ಪೂರ್ತಿ ಗುಣಮಾಡುತ್ತೇವೆ ಎಂದು ಪುಡಿ ಮಾರುವವರಿಗೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಹೇಳುವಾಗ ಒಂದು ಮುಜುಗರ ನನಗಿದೆ. ನಮಗೆ ಜೀಪಿದೆ, ಸಂಬಳ ಬರುವ ಕೈ ಒಂದಿದೆ, ಅಜ್ಜಿ ಇದ್ದಾರೆ. ನಮ್ಮ ಪಕ್ಕದ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ, ಅಸ್ಸಾಮಿನಿಂದ ಬಂದ ಒಂದು ಕುಟುಂಬ ಇತ್ತು. ಮಗುವಿಗೆ ಸೆರೆಬ್ರಲ್ ಪಾಲ್ಸಿ. ತಾಯಿ ಕಾಫಿ ಕೊಯ್ಯುವಾಗ ಮಗುವನ್ನು ಗೋಣಿ ಹಾಸಿ ಗಿಡದ ಬುಡದಲ್ಲಿ ಮಲಗಿಸುತ್ತಿದ್ದಳು, ದಿನವಿಡೀ ಒಂದೇ ಮಗ್ಗುಲು. ಹಾಗೆ ಮಲಗಿದಲ್ಲೇ ಬಿಟ್ಟರೆ ಅಂಥ ಮಗುವಿನ ಕೈಕಾಲು ಇನ್ನಷ್ಟು ಬಿಗಿಯುತ್ತಾ ಹೋಗುತ್ತದೆ. ತೋಟದ ಇಳಿಜಾರಿನಲ್ಲಿ ವೀಲ್‌ಚೇರಿನಿಂದ ಏನೂ ಪ್ರಯೋಜನವಿಲ್ಲ. ಫಿಸಿಯೋ ಒಬ್ಬರು ಹೇಳಿದ ಅಳತೆಯಲ್ಲಿ ಸಿಲ್ವರ್ ಓಕ್ ಹಲಗೆಯಿಂದ ಮೂಲೆಯ ಆಕಾರದ ಒಂದು ಆಸನ ಮಾಡಿಸಿದರು. ಬೆನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ, ಮುಂದೆ ಒಂದು ಪಟ್ಟಿ. ಮಗು ಮೊದಲ ಸಲ ಕೂತು ಅಮ್ಮ ಕೊಯ್ಯುವುದನ್ನು ನೋಡಿತು. ಕೊಯ್ಲು ಮುಗಿದ ಮೇಲೆ ಅವರು ಬೇರೆಲ್ಲಿಗೋ ಹೋದರು, ಆಸನ ತೆಗೆದುಕೊಂಡೇ ಹೋದರು. ಯುಡಿಐಡಿ ಕಾರ್ಡು ದೇಶವಿಡೀ ನಡೆಯುತ್ತದೆ, ಅವರಿಗೆ ಅದು ಆಗಬೇಕಿತ್ತು, ಆಗಿರಲಿಲ್ಲ. ಇಲ್ಲಿರುವ ಬೆಳೆಗಾರರು ಕೊಯ್ಲಿಗೆ ಮೊದಲು ನಿಮ್ಮ ಲೈನಿನಲ್ಲಿ ಇಂಥ ಮಗು ಇದೆಯಾ ಎಂದು ಒಮ್ಮೆ ರೈಟರನ್ನು ಕೇಳಿ.

ಇಷ್ಟು ನನ್ನ ಮಾತು. ಆಮೇಲೆ ಬಂದ ಪ್ರಶ್ನೆಗಳು.

ಒಬ್ಬ ಶಿಕ್ಷಕರು ಕೇಳಿದರು: ‘ತರಗತಿಯಲ್ಲಿ ಮಗು ಇದ್ದಕ್ಕಿದ್ದಂತೆ ಕಿರುಚಿದರೆ ಏನು ಮಾಡುವುದು ಸರ್? ಇನ್ನೂ 30 ಮಕ್ಕಳಿರುತ್ತಾರೆ.’

ಇದ್ದಕ್ಕಿದ್ದಂತೆ ಅನ್ನುವುದು ನಮಗೆ ಮಾತ್ರ. ಅದಕ್ಕೆ ಐದು ನಿಮಿಷ ಮೊದಲು ಏನಾಗಿತ್ತು ಎಂದು ಒಂದು ವಾರ ಬರೆದಿಡಿ, ಮಾದರಿ ಕಾಣುತ್ತದೆ. ಪುಟ್ಟಿಯ ಶಾಲೆಯಲ್ಲಿ ಅದು ಗಂಟೆ. ಈಗ ಗಂಟೆ ಹೊಡೆಯುವ ಮೊದಲು ಅವಳನ್ನೇ ಕರೆದುಕೊಂಡು ಹೋಗುತ್ತಾರೆ, ಅವಳೇ ಹೊಡೆಯುತ್ತಾಳೆ. ಬಾಗಿಲ ಹತ್ತಿರ ಕೂರಿಸಿ, ಹೊರಗೆ ಹೋಗಲು ಒಂದು ಕಾರ್ಡು ಕೊಡಿ. ಕಿರುಚುವಾಗ ಮಾತು ಕಡಿಮೆ ಮಾಡಿ. ಸಮಾಧಾನದ ಮಾತೂ ಆಗ ಇನ್ನೊಂದು ಸದ್ದೇ. ಉಳಿದ ಮಕ್ಕಳ ಬಗ್ಗೆ ಚಿಂತೆ ಬೇಡ, ಅವರು ನಿಮಗಿಂತ ಬೇಗ ಕಲಿಯುತ್ತಾರೆ. ಅವಳ ಪಕ್ಕದ ಹುಡುಗಿ ಈಗ ನನಗೇ ಹೇಳಿಕೊಡುತ್ತಾಳೆ, ‘ಮಾವ, ಹಾಗೆ ಜೋರಾಗಿ ಮಾತಾಡಬೇಡಿ ಅವಳ ಹತ್ತಿರ’ ಎಂದು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಕೇಳಿದರು: ‘ನಮ್ಮ ನಂತರ ಯಾರು?’

ಈ ಪ್ರಶ್ನೆ ಕೇಳದ ರಾತ್ರಿ ನಮ್ಮ ಯಾರ ಮನೆಯಲ್ಲೂ ಇರಲಿಕ್ಕಿಲ್ಲ. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಅರ್ಧ ಇದೆ. 18 ತುಂಬಿದ ಕೂಡಲೇ ಕಾನೂನಿನ ಕಣ್ಣಿಗೆ ನಮ್ಮ ಮಗು ವಯಸ್ಕ. ಆಮೇಲೆ ಬ್ಯಾಂಕಿನಲ್ಲೋ ಆಸ್ತಿ ವಿಷಯದಲ್ಲೋ ಅಪ್ಪ ಎಂದು ಸಹಿ ಹಾಕಿದರೆ ನಡೆಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರಾಗಬೇಕು. ಜಮ್ಮಾ ಆಸ್ತಿ, ಅಂದರೆ ಕೊಡಗಿನ ವಂಶಪಾರಂಪರ್ಯದ ಜಮೀನು, ಇರುವ ಮನೆಗಳಲ್ಲಿ ಹಕ್ಕು ಕುಟುಂಬದ ಹೆಸರಿನಲ್ಲಿ ಹೆಣೆದುಕೊಂಡಿರುತ್ತದೆ, ಮಗುವಿನ ಪಾಲು ಏನು, ಯಾರು ನೋಡಿಕೊಳ್ಳುತ್ತಾರೆ ಎಂದು ಹಿರಿಯರು ಇರುವಾಗಲೇ ವಕೀಲರ ಎದುರು ಕೂತು ಬರೆಸಿ.

ಇನ್ನರ್ಧ ಹಣದ್ದಲ್ಲ. ನನ್ನ ದೊಡ್ಡ ಮಗ ಕಾಲೇಜಿನಲ್ಲಿದ್ದಾನೆ, ‘ನಾನು ನೋಡ್ಕೊಳ್ತೇನೆ ಅಪ್ಪ’ ಎನ್ನುತ್ತಾನೆ. ಆ ವಯಸ್ಸಿನ ಹುಡುಗನಿಂದ ನಾನು ಅಂಥ ಮಾತು ತೆಗೆದುಕೊಳ್ಳುವುದಿಲ್ಲ. ಅವನಿಗೂ ಒಂದು ಬದುಕಿದೆ. ಅದರ ಬದಲು ನಾವು ಒಂದು ದಪ್ಪ ನೋಟ್‌ಬುಕ್ ಮಾಡಿದ್ದೇವೆ, ನಾಳೆ ಯಾರೇ ಅವಳ ಜೊತೆ ಇರಲಿ ಅವರ ಕೈಗೆ ಕೊಡಲು. ಯಾವ ಸದ್ದಿಗೆ ಏನು ಮಾಡಬೇಕು, ತಲೆ ಬಾಚುವಾಗ ಯಾವ ಕಡೆಯಿಂದ ಶುರುಮಾಡಬೇಕು, ಹಲ್ಲುನೋವು ಬಂದರೆ ಅವಳು ಹೇಳುವುದಿಲ್ಲ, ತಲೆಯ ಬಲಭಾಗಕ್ಕೆ ತಟ್ಟಿಕೊಳ್ಳುತ್ತಾಳೆ, ಹೀಗೆ. ನಾನು ಬರೆದದ್ದನ್ನು ಮನೆಯವರು ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ, ಟೀಚರ್ ಅಲ್ವಾ. ಊಟದ ಪುಟವೊಂದು ಮಾತ್ರ ಪುಟ್ಟಿಯದೇ. ಚಿತ್ರ ಅಂಟಿಸಿ ಕೆಳಗೆ ಬೇಕು, ಬೇಡ ಎಂದು ಗುರುತು ಹಾಕುತ್ತಾಳೆ. ಈ ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಪಲ್ಯದ ಚಿತ್ರ ಸೇರಿದೆ. ಬೇಡ ಎಂದು ಎರಡು ಸಲ ಗೀಟು ಹಾಕಿದ್ದಾಳೆ.